ನಾಲ್ಕು ಗಂಟೆಗೆ ತಪ್ಪುವ ಲಯ

"ಒಳಗೆ ಬಂದು ಇದು ಹೇಗೆ ಕೆಲಸ ಮಾಡತ್ತೆ ನೋಡಿ. ನೀವೇ ಮಾಡಿದ್ದಲ್ವಾ?"

"ಬೇಡ ಮೇಡಂ. ಕೆಲಸ ಇದೆ."

ಪ್ರಯೋಗಾಲಯದ ಬಾಗಿಲಲ್ಲೇ ಗಾಜಿನ ಬುಡ್ಡಿಯನ್ನು ಸಂಶೋಧಕಿಯ ಅಂಗೈಯಲ್ಲಿಟ್ಟು, ಗಾಜು ಊದುವವನು ಕುಂಟುತ್ತಾ ಹೊರಟೇಹೋದ. ಬೆರಳು ತಾಕಿದ ಬಿಸಿ ಮಾತ್ರ ಉಳಿಯಿತು. ಎಷ್ಟು ಜಂಬ ಇವನಿಗೆ... ಎಂದುಕೊಂಡಳು. ಎದೆ ಯಾಕೆ ಹೊಡೆದುಕೊಳ್ಳುತ್ತಿದೆ ಎಂದು ಮಾತ್ರ ಕೇಳಿಕೊಳ್ಳಲಿಲ್ಲ.

ಅದಾಗಿ ಎರಡು ವರ್ಷ. ಬುಡ್ಡಿಯೊಳಗಿನ ಅನಿಲದ ನ್ಯೂಕ್ಲಿಯಸ್‌ಗಳು ಕಾಂತಕ್ಷೇತ್ರದಲ್ಲಿ ಬುಗುರಿಯಂತೆ ತಿರುಗುತ್ತವೆ. ಆ ಲಯ ಎಳ್ಳಷ್ಟು ತಪ್ಪಿದರೆ, ಯಾರೂ ಕಾಣದ ಹೊಸ ಬಲವೊಂದು ತಳ್ಳಿರಬಹುದು. ಇಲ್ಲವೇ ಯಾರದೋ ಜೇಬಿನಲ್ಲಿ ಬೀಗದ ಕೈ ಇರಬಹುದು! ಅದಕ್ಕೇ ಬಾಗಿಲಲ್ಲೊಂದು ಟ್ರೇ. ಬೆಲ್ಟು, ಹೇರ್‌ಪಿನ್ನು, ಕಬ್ಬಿಣದ್ದೆಲ್ಲ ಅದರಲ್ಲಿಟ್ಟೇ ಒಳಗೆ ಹೋಗಬೇಕು.

ಮೂರು ತಿಂಗಳಿಂದ ಲಯ ತಪ್ಪುತ್ತಿತ್ತು.

"ಹೊಸ ಬಲ ಸಿಕ್ಕಿತು, ಸೋಮವಾರ ಪ್ರಕಟಿಸೋಣ. ನಿನ್ನ ಕೆಲಸ ಕಾಯಂ ಅಂದ್ಕೋ," ಎಂದಿದ್ದರು ಪ್ರಯೋಗಾಲಯದ ಮುಖ್ಯಸ್ಥರಾದ ದೊಡ್ಡ ಸರ್. ಇಲ್ಲದಿದ್ದರೆ ತಿಂಗಳ ಕೊನೆಗೆ ಅವಳು ಗಂಟುಮೂಟೆ ಕಟ್ಟಬೇಕಿತ್ತು.

ಇಷ್ಟು ದಿನ ಎಲ್ಲರೂ ದಿನದ ಸರಾಸರಿಯನ್ನಷ್ಟೇ ನೋಡಿದ್ದರು. ಮನಸ್ಸು ತಡೆಯದೆ ಅವಳು ಅದನ್ನು ನಿಮಿಷನಿಮಿಷಕ್ಕೂ ಬಿಡಿಸಿ ನೋಡಿದಳು. ಲಯ ತಪ್ಪುವುದು ಸಂಜೆ ನಾಲ್ಕಕ್ಕೆ, ಹತ್ತೇ ನಿಮಿಷ. ಭಾನುವಾರ ಇಲ್ಲವೇ ಇಲ್ಲ.

ಹೊಸ ಬಲಕ್ಕೂ ಭಾನುವಾರ ರಜೆಯೇ?

ನಾಲ್ಕಕ್ಕೆ ಹೊರಗೆ ಬಂದಳು. ಬುಡ್ಡಿಯಿರುವ ಗೋಡೆಯ ಆಚೆ, ಬೆಂಚಿನ ಮೇಲೆ ಆ ಗಾಜು ಊದುವವನು ಕಾಲು ಚಾಚಿ ಕೂತಿದ್ದ. ಪ್ಯಾಂಟಿನ ಅಂಚಿನಲ್ಲಿ, ಕುಂಟುಗಾಲಿಗೆ ಆಸರೆಯಾಗಿ ಕಟ್ಟಿದ ಉಕ್ಕಿನ ಪಟ್ಟಿ ಇಣುಕುತ್ತಿತ್ತು.

"ದಿನಾ ಇಲ್ಲೇ ಕೂತ್ಕೋತೀರಾ?"

ಅವನು ತಡಬಡಾಯಿಸಿದ. "ಮೂರು ತಿಂಗಳ ಹಿಂದೆ ಬೆಂಚು ಹಾಕಿದ್ರು. ಇಲ್ಲಿ ಕೂತ್ರೆ... ನೀವು ಬುಗುರಿಗಳಿಗೆ ಬೈಯೋದು ಕೇಳ್ಸತ್ತೆ."

"ಒಳಗೇ ಬರಬಹುದಿತ್ತಲ್ಲ?"

"ಈ ಪಟ್ಟಿ ಟ್ರೇಲಿಟ್ರೆ ನನಗೆ ನಿಲ್ಲೋಕಾಗಲ್ಲ. ನಿಮ್ಮೆದುರು ತೆವಳ್ಕೊಂಡು ಬರ್ಲಾ?"

ಜಂಬವಲ್ಲ, ನಾಚಿಕೆ... ಎರಡು ವರ್ಷ ಇವನನ್ನು ಸುಮ್ಮನೆ ಶಪಿಸಿದ್ದಳು. ಅವಳಿಗೆ ಅಳು ಬಂತು. ಯಾವುದಕ್ಕೆಂದು ಅವಳಿಗೇ ತಿಳಿಯಲಿಲ್ಲ.

"ನನ್ನ ಹೊಸ ಬಲ ನಿಮ್ಮ ಈ ಉಕ್ಕು. ಬೇರೇನೂ ಅಲ್ಲ."

ಅವನ ಮುಖ ಬಿಳಿಚಿತು. "ಯಾರಿಗೂ ಹೇಳ್ಬೇಡಿ ಮೇಡಂ. ನಾಳೆಯಿಂದ ನಾನು ಬರಲ್ಲ."

"ನೀವು ಬರದಿದ್ರೆ ಅದೂ ಬರಲ್ಲ. ಇಲ್ಲದ್ದನ್ನ ಇದೆ ಅಂತ ಹೇಗೆ ಹೇಳ್ಲಿ?"

ಅಲ್ಲೇ ನಿಂತು ದೊಡ್ಡ ಸರ್‌ಗೆ ಫೋನ್ ಮಾಡಿ, ಪ್ರಕಟಣೆ ಬೇಡ, ತಿಂಗಳ ಕೊನೆಗೆ ಹೊರಡುತ್ತೇನೆ ಎಂದಳು. ಎರಡು ವರ್ಷ ನೀರುಪಾಲಾಗಲು ಎರಡು ನಿಮಿಷ ಸಾಕಾಯಿತು. ಆ ಕಡೆಯಿಂದ ಬಂದದ್ದು ಒಂದು ನಿಟ್ಟುಸಿರು, ಅಷ್ಟೆ.

"ಪಟ್ಟಿ ತೆಗೀರಿ," ಎಂದಳು ಕಣ್ಣೊರೆಸಿಕೊಂಡು. "ನೀವು ಮಾಡಿದ ಬುಡ್ಡಿ ಕೆಲಸ ಮಾಡೋದನ್ನ ನೀವೇ ನೋಡಿಲ್ಲ. ನನ್ನ ಹೆಗಲು ಹಿಡ್ಕೊಳ್ಳಿ."

"ತಿಂಗಳ ಕೊನೆಗೆ ನೀವೇ ಇರಲ್ವಲ್ಲ..."

"ಹೋದ ಕಡೆ ಗಾಜು ಊದೋರು ಬೇಕಾ ಅಂತ ಕೇಳ್ತೀನಿ. ಬರ್ತೀರಾ?"

ಅವನು ಬಾಗಿಲವರೆಗೆ ನಡೆದು, ಬಗ್ಗಿ ಪಟ್ಟಿ ಬಿಚ್ಚತೊಡಗಿದ. ಟ್ರೇಯಲ್ಲಿ ಅವಳ ಹೇರ್‌ಪಿನ್ನಿನ ಪಕ್ಕದಲ್ಲೇ ಅದನ್ನಿಟ್ಟು, ಅವಳ ಹೆಗಲಿಗೆ ವಾಲಿದ.

"ಭಾರ ಆಯ್ತಾ?"

"ಆಯ್ತು," ಎಂದಳು. "ಬಿಡಬೇಡಿ."