ಎಡ ಎರಡು, ಬಲ ಮೂರು

"ಎಡ ನಾಲ್ಕು! ಅದಾದ್ಮೇಲೆ ಬಲ ಮೂರು, ಕೊನೇಲಿ ಬಿಗಿ!"

ಜೋಸಿ ಗಂಟಲು ಹರಿಯುವ ಹಾಗೆ ಕೂಗಿದಳು. ಕೂಗದಿದ್ದರೆ ಕೇಳಿಸಬೇಕಲ್ಲ! ಮಿಡತೆಗೆ ತಲೆಯ ಮೇಲೆ ಮುಚ್ಚಿಗೆ ಇಲ್ಲ, ಎಂಜಿನ್ನಿಗೆ ಸಂಕೋಚ ಇಲ್ಲ, ಎದುರಿಂದ ಬರುವ ಗಾಳಿಗಂತೂ ಮರ್ಯಾದೆಯೇ ಇಲ್ಲ.

"ಬಲ ಮೂರು, ಬಿಗಿ," ಎಂದು ಕ್ಲೈವ್ ತಾತ ತಿರುಗಿ ಹೇಳಿ ಗೇರ್ ಇಳಿಸಿದ. ಎಂಜಿನ್ ಗುರ್ ಎಂದಿತು. ಮಿಡತೆ ಮೂತಿ ತಿರುಗಿಸಿ ತಿರುವಿನೊಳಗೆ ನುಗ್ಗಿತು. ನಡುವಿಗೆ ಬಂದಾಗ ತಾತ ಮೆಲ್ಲಗೆ ಆಕ್ಸಿಲರೇಟರ್ ಒತ್ತಿದ. ಜೋಸಿ ಒಂದು ಕಡೆಗೆ ವಾಲಿದಳು, ಅವಳ ಹೊಟ್ಟೆ ಇನ್ನೊಂದು ಕಡೆಗೆ ಹೋಯಿತು.

"ಹೆಂಗಿತ್ತು?"

"ಸೂಪರ್ ತಾತ!"

"ಸ್ಪೀಡ್ ಐವತ್ತೂ ಇರಲಿಲ್ಲ, ನೋಡಿದ್ಯಾ? ಸ್ಪೀಡಲ್ಲಿ ಏನಿದೆ ಮಣ್ಣು! ನೇರ ರಸ್ತೇಲಿ ಯಾವ ಪೆದ್ದ ಬೇಕಾದ್ರೂ ಓಡಿಸ್ತಾನೆ. ಮಜಾ ಇರೋದೇ ತಿರುಗೋದ್ರಲ್ಲಿ ಕಣೇ."

ಈ ಮಾತನ್ನು ತಾತ ಪ್ರತಿ ಭಾನುವಾರ ಹೇಳುತ್ತಾನೆ. ಜೋಸಿ ಪ್ರತಿ ಭಾನುವಾರ ಹೊಸದಾಗಿ ಕೇಳಿದವಳ ಹಾಗೆ ನಗುತ್ತಾಳೆ.

ಮಿಡತೆ ಅಂದರೆ ತಾತನ ಹಸಿರು ಕಾರು. ಇರುವುದೇ ಎರಡು ಸೀಟು. ವಯಸ್ಸಿನಲ್ಲಿ ಜೋಸಿಯ ಅಮ್ಮನಿಗಿಂತ ದೊಡ್ಡದು. ಎಷ್ಟು ತಗ್ಗು ಅಂದರೆ, ಅದರಲ್ಲಿ ಕೂತರೆ ಪಕ್ಕದ ಹೊಲದ ಕುರಿಗಳು ನಮ್ಮನ್ನು ಮೇಲಿನಿಂದ ಕೆಳಗೆ ನೋಡುತ್ತವೆ.

ಸ್ಯಾಡ್ಲರ್ ಗುಡ್ಡ ಇಳಿಯುವ ದಾರಿಯಲ್ಲಿ ನಲವತ್ತೊಂದು ತಿರುವುಗಳಿವೆ. ಹೋದ ಚಳಿಗಾಲದಲ್ಲಿ ತಾತ ಒಂದೊಂದು ತಿರುವಿನಲ್ಲೂ ಕಾರು ನಿಲ್ಲಿಸಿ ಹೇಳಿದ್ದ, ಜೋಸಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದಳು. ಎಡ, ಬಲ, ಜೊತೆಗೊಂದು ನಂಬರ್. ಬಿಗಿ ಅಂದರೆ ತಿರುವು ಕೊನೆಗೆ ಇನ್ನಷ್ಟು ಕಡಿದಾಗುತ್ತದೆ ಅಂತ. ಆರು ಅಂದರೆ ತಿರುವೋ ಅಲ್ಲವೋ ಅನ್ನುವಷ್ಟು ಸಸಾರ. ಒಂದು ಅಂದರೆ ಮುಗಿಯಿತು, ಕಾರು ತನ್ನ ಬಾಲವನ್ನು ತಾನೇ ನೋಡಿಕೊಳ್ಳಬೇಕು, ಅಂಥ ತಿರುವು.

ರ್‍ಯಾಲಿ ರೇಸಿನಲ್ಲಿ ಕಾರು ಓಡಿಸುವವರೆಲ್ಲ ಹೀಗೇ ಮಾಡುವುದು. ಪಕ್ಕದಲ್ಲಿ ಕೂತವರು ಓದಬೇಕು, ಓಡಿಸುವವರು ನಂಬಬೇಕು. ತಾತ ಹರೆಯದಲ್ಲಿ ಟಾಸ್ಮೇನಿಯಾ ದ್ವೀಪದ ತುಂಬ ರ್‍ಯಾಲಿ ಓಡಿಸಿದವನು. ಹತ್ತು ವರ್ಷದ ಜೋಸಿ ಈಗ ಅವನ ನ್ಯಾವಿಗೇಟರ್. ಈ ವಿಷಯ ಅವಳ ಕ್ಲಾಸಿನಲ್ಲಿ ಗೊತ್ತಿಲ್ಲದವರು ಯಾರೂ ಇಲ್ಲ. ಅವಳು ಬಿಟ್ಟರೆ ತಾನೆ!

ಅವತ್ತು ಇಬ್ಬರೂ ಗುಡ್ಡದ ಮೇಲಿನ ಅಂಗಡಿಯಲ್ಲಿ ಚಿಪ್ಪುಮೀನು ತುಂಬಿದ ಬಿಸಿ ಬಿಸಿ ಸ್ಕ್ಯಾಲಪ್ ಪೈ ತಿಂದು ಮನೆಗೆ ಇಳಿಯುತ್ತಿದ್ದರು. ಅಲ್ಲಿ ಏಪ್ರಿಲ್ ಅಂದರೆ ಚಳಿಗಾಲದ ಹೊಸ್ತಿಲು, ಗಾಳಿ ಕೊರೆಯುತ್ತಿತ್ತು. "ಗ್ಲೌಸ್ ಹಾಕ್ಕೊಂಡ್ರೆ ಹೋಗು, ಇಲ್ಲಾಂದ್ರೆ ಇಲ್ಲ" ಎಂದು ಅಮ್ಮ ಹಟ ಹಿಡಿದು ದಪ್ಪ ಉಣ್ಣೆಯ ಗ್ಲೌಸ್ ಹಾಕಿಸಿದ್ದಳು. ಆ ಬೆರಳುಗಳಲ್ಲಿ ಹಾಳೆ ಮಗುಚುವುದೇ ಒಂದು ಪಾಡು.

"ಮುಂದೆ?" ತಾತ ಕೂಗಿದ.

ಜೋಸಿ ಹಾಳೆ ಮಗುಚಿದಳು. "ಎಡ ಎರಡು!"

ಓದಿ ತಲೆ ಎತ್ತಿದಳು. ಎದುರಿಗೆ ರಸ್ತೆ ಬಲಕ್ಕೆ ಹೋಗುತ್ತಿತ್ತು.

ನಡುವೆ ಬಿಳಿ ಗೆರೆ. ಅದೂ ಬಲಕ್ಕೇ. ಎಡಗಡೆ ಒಂದು ಬಿಳಿ ಕಂಬ, ಅದರಾಚೆ ಬರೀ ಆಕಾಶ.

ತಾತ ಎಡಕ್ಕೆ ತಿರುಗಿಸಿದ.

"ಬಲ! ತಾತ, ಬಲ! ಬಲ!"

ತಾತ ಸ್ಟೀರಿಂಗ್ ಎಳೆದ. ಎಡಗಡೆಯ ಚಕ್ರಗಳು ಜಲ್ಲಿಯೊಳಗೆ ಇಳಿದವು. ಕಲ್ಲುಗಳು ಕಾರಿನ ಹೊಟ್ಟೆಗೆ ಪಟಪಟ ಬಡಿದವು. ಹಿಂಭಾಗ ಜಾರಿತು, ಬಿಳಿ ಕಂಬ ಲಟ್ಟೆಂದು ಮುರಿಯಿತು. ಜೋಸಿ ಕಣ್ಣು ಮುಚ್ಚಿ ಬಾಗಿಲು ಹಿಡಿದುಕೊಂಡಳು.

ಕಾರು ನಿಂತಿತು. ಎಂಜಿನ್ ಕೂಡ ಸತ್ತಿತು.

ಅವಳು ಕಣ್ಣು ತೆರೆದು ತನ್ನ ಪಕ್ಕದ ಬಾಗಿಲಿನಾಚೆ ನೋಡಿದಳು. ಒಂದು ಗೇಣು ಹುಲ್ಲು. ಆಮೇಲೆ ನೆಲವೇ ಇಲ್ಲ. ಬಹಳ ಕೆಳಗೆ ಮರದಷ್ಟು ಎತ್ತರ ಬೆಳೆಯುವ ಜರೀಗಿಡಗಳ ತಲೆಗಳು ಕಂಡವು. ಅದಕ್ಕೂ ಕೆಳಗೆ ತೊರೆಯ ಸದ್ದು.

ಅಷ್ಟರಲ್ಲಿ ಕೆಳಗಿನಿಂದ ಹಾಲಿನ ಟ್ಯಾಂಕರ್ ಒಂದು ಭೋರೆಂದು ಬಂದು, ಅವರ ಪಕ್ಕದಲ್ಲೇ ಹಾದು, ಹಾರ್ನ್ ಬಾರಿಸುತ್ತಾ ಹೊರಟುಹೋಯಿತು. ಮಿಡತೆ ಗಡಗಡ ಅಲುಗಾಡಿತು. ಅರ್ಧ ನಿಮಿಷ ಮೊದಲು ಬಂದಿದ್ದರೆ?

"ಏಟಾಯ್ತೇನೆ? ಎಲ್ಲಾದ್ರೂ ಪೆಟ್ಟಾಯ್ತಾ?" ತಾತನ ಮುಖ ಬೆಳ್ಳಗೆ ಬಿಳಿಚಿಕೊಂಡಿತ್ತು.

"ಇಲ್ಲ. ಎರಡು ಹಾಳೆ ಒಟ್ಟಿಗೆ ಮಗುಚಿಬಿಟ್ಟೆ. ಈ ಹಾಳು ಗ್ಲೌಸು! ಸಾರಿ ತಾತ. ನಂದೇ ತಪ್ಪು."

"ಹೋಗ್ಲಿ ಬಿಡು. ಹೋಗ್ಲಿ ಬಿಡು ಪುಟ್ಟಿ."

ತಾತ ಇಳಿದು, ಕಾರನ್ನು ಒಂದು ಸುತ್ತು ಮುಟ್ಟಿ ಮುಟ್ಟಿ ನೋಡಿ, ಮತ್ತೆ ಹತ್ತಿ ಕೂತ. ನಿಧಾನವಾಗಿ ಹಿಂದಕ್ಕೆ ತೆಗೆದು ರಸ್ತೆಯ ಆಚೆ ಬದಿಗೆ, ಒಂದು ಹೊಲದ ಗೇಟಿನ ಮುಂದಿನ ಜಾಗಕ್ಕೆ ತಂದು ನಿಲ್ಲಿಸಿದ. ಎಂಜಿನ್ ಆಫ್ ಮಾಡಿ ಉಸಿರು ಬಿಟ್ಟ.

ಜೋಸಿ ತಪ್ಪು ಓದಿದ್ದೇನೋ ನಿಜ. ಆದರೆ ರಸ್ತೆ ಎದುರಿಗೇ ಇತ್ತಲ್ಲ! ಹಾಡುಹಗಲು, ಮಂಜಿಲ್ಲ, ಮಳೆಯಿಲ್ಲ. ಅಷ್ಟು ಅಗಲವಾದ ರಸ್ತೆ ಬಲಕ್ಕೆ ಹೋಗುವುದು ಕುರುಡನಿಗೂ ಕಾಣ...

ಅವಳ ಯೋಚನೆ ಅಲ್ಲೇ ಗಕ್ಕನೆ ನಿಂತಿತು.

ಅಂಗಡಿಯಲ್ಲಿ ತಾತ ಸಾಸ್ ಅನ್ನು ಪೈ ಮೇಲೆ ಹಾಕದೆ ತಟ್ಟೆಯ ಮೇಲೆ ಸುರಿದದ್ದು ನೆನಪಾಯಿತು. ಆಗ ಜೋಸಿ ಬಿದ್ದು ಬಿದ್ದು ನಕ್ಕಿದ್ದಳು. "ಪೇಪರ್‌ನೋರು ಅಕ್ಷರ ಸಣ್ಣದು ಮಾಡ್ಬಿಟ್ಟಿದ್ದಾರೆ, ಓದಿ ಹೇಳೇ" ಎಂದು ಅವನು ದಿನಾ ಅವಳ ಕೈಗೆ ಪೇಪರ್ ಕೊಡುತ್ತಿದ್ದದ್ದೂ ನೆನಪಾಯಿತು.

ಕೇಳಲೇ ಬೇಡವೇ ಎಂದು ಗೇಟಿನ ಕಡೆ ನೋಡಿದಳು. ಆಮೇಲೆ ಕೇಳಿಯೇಬಿಟ್ಟಳು.

"ತಾತ, ಆ ಗೇಟ್ ಮೇಲೆ ಕೂತಿದೆಯಲ್ಲ ಹಕ್ಕಿ, ಅದು ಕಾಗೇನಾ, ಮ್ಯಾಗ್‌ಪೈನಾ?"

ತಾತ ಗೇಟಿನ ಕಡೆ ತಿರುಗಿದ. ಕತ್ತು ಓರೆ ಮಾಡಿ, ಕಣ್ಣು ಕಿರಿದು ಮಾಡಿ ನೋಡಿದ.

"ಮ್ಯಾಗ್‌ಪೈ ಅಲ್ವೇನೆ? ಒಳ್ಳೇ ದಪ್ಪಗಿದೆ."

ಗೇಟಿನ ಮೇಲೆ ಏನೂ ಇರಲಿಲ್ಲ.

ಇಂಥ ಮೋಸದ ಪ್ರಶ್ನೆ ಕೇಳಿದ್ದಕ್ಕೆ ಜೋಸಿಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಭಯವಾಯಿತು. ಹಳ್ಳದ ಅಂಚಿನಲ್ಲಿ ಆದದ್ದು ಇಷ್ಟೇ ಇಷ್ಟು ಭಯ, ಈಗ ಆದದ್ದು ದೊಡ್ಡದು. ಅವಳು ಕೈ ಚಾಚಿ, ಕೀಯನ್ನು ಸರಕ್ಕನೆ ಕಿತ್ತು ತನ್ನ ಗ್ಲೌಸಿನೊಳಗೆ ತುರುಕಿಕೊಂಡಳು.

"ಏಯ್! ಏನೇ ಅದು?"

"ತಾತ, ಗೇಟ್ ಮೇಲೆ ಯಾವ ಹಕ್ಕೀನೂ ಇಲ್ಲ."

ಬಿಳಿಚಿದ್ದ ಮುಖ ಈಗ ಕೆಂಪಗಾಯಿತು. "ನನ್ನೇ ಪರೀಕ್ಷೆ ಮಾಡ್ತೀಯಾ? ನೀನು ಹುಟ್ಟೋಕೆ ನಲವತ್ತು ವರ್ಷ ಮುಂಚಿಂದ ಈ ರಸ್ತೇಲಿ ಓಡಿಸ್ತಿದೀನಿ. ಕೊಡಿಲ್ಲಿ ಕೀ!"

ತಾತ ಅವಳ ಮೇಲೆ ಹೀಗೆ ಯಾವತ್ತೂ ಗದರಿರಲಿಲ್ಲ. ಜೋಸಿಯ ಕಣ್ಣು ತುಂಬಿತು. ಆದರೆ ಮುಷ್ಟಿ ಬಿಚ್ಚಲಿಲ್ಲ.

"ಇನ್ನು ಹದಿನೈದೇ ತಿರುವು ಕಣೇ," ತಾತ ದನಿ ತಗ್ಗಿಸಿದ. "ನೀನು ಸರಿಯಾಗಿ ಓದು, ನಾನು ನಿಧಾನಕ್ಕೆ ಓಡಿಸ್ತೀನಿ. ಸೈಕಲ್‌ಗಿಂತ ನಿಧಾನ. ಸರಿನಾ?"

"ನಾನು ಓದಲ್ಲ."

"ಜೋಸಿ."

"ಓದಲ್ಲ ತಾತ! ನಂಗೆ ಭಯ ಆಗ್ತಿದೆ!"

ತಾತ ಸ್ಟೀರಿಂಗ್ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತ. ಕಾರು ನಿಂತಿದ್ದರೂ ಓಡಿಸುವವನ ಹಾಗೆಯೇ ಕೂತಿದ್ದ.

"ನಿಮ್ಮಮ್ಮಂಗೆ ಗೊತ್ತಾದ್ರೆ ಏನಾಗುತ್ತೆ ಹೇಳು? ಲೈಸೆನ್ಸ್ ಹೋಗುತ್ತೆ. ಮಿಡತೇನ ಯಾರಿಗೋ ಮಾರ್ತಾರೆ. ಭಾನುವಾರ ಅನ್ನೋದೇ ಇರಲ್ಲ. ಆಮೇಲೆ ನಾನು ಮನೇಲಿ ಕೂತ್ಕೊಂಡು ಏನ್ ಮಾಡ್ಲಿ?"

"ನನ್ನ ಭಾನುವಾರಾನೂ ಇರಲ್ಲ," ಎಂದು ಜೋಸಿ ಬಿಕ್ಕಿದಳು.

ತಾತನ ಫೋನಿಗೆ ಆ ಗುಡ್ಡದಲ್ಲಿ ಸಿಗ್ನಲ್ ಸಿಗುವುದಿಲ್ಲ. ಗಾಳಿ ಬೀಸುತ್ತಲೇ ಇತ್ತು. ಕೀ ಗ್ಲೌಸಿನೊಳಗೆ ಅಂಗೈಗೆ ಚುಚ್ಚುತ್ತಿತ್ತು. ತಾತ ಕೈ ಹಿಡಿದು ಕಿತ್ತುಕೊಂಡರೆ ತಾನೇನು ಮಾಡುವುದು ಎಂದು ಜೋಸಿ ಯೋಚಿಸಿದಳು. ಮುಷ್ಟಿಯನ್ನು ಇನ್ನೂ ಬಿಗಿ ಹಿಡಿದಳು.

ಸುಮಾರು ಹೊತ್ತಾದ ಮೇಲೆ ಮೇಲಿನಿಂದ ಹಳೆಯ ಪಿಕಪ್ ಗಾಡಿಯೊಂದು ಗಡಗಡ ಇಳಿದು ಬಂತು. ಹಿಂದೆ ಸೇಬಿನ ಕ್ರೇಟುಗಳು. ಸೇಬಿನ ತೋಟದ ಬೆವ್ ಆಂಟಿಯ ಗಾಡಿ ಅದು. ಬೆವ್ ಆಂಟಿ ಕಿಟಕಿಯಿಂದ ತಲೆ ಹೊರಗೆ ಹಾಕಿದಳು.

"ಏನ್ ಕ್ಲೈವ್, ನಿನ್ನ ಆಟದ ಸಾಮಾನು ಕೈ ಕೊಡ್ತಾ? ಕೀಲಿ ತಿರುಗಿಸಿದ್ಯೋ ಇಲ್ವೋ?"

ಬೇರೆ ದಿನವಾಗಿದ್ದರೆ ತಾತ ಅವಳ ಗಾಡಿಯ ತುಕ್ಕಿನ ಬಗ್ಗೆ ಏನಾದರೊಂದು ಅಂದೇ ಅನ್ನುತ್ತಿದ್ದ. ಇವತ್ತು ಸ್ಟೀರಿಂಗನ್ನೇ ನೋಡುತ್ತಾ ಕೂತ.

'ಏನಿಲ್ಲ, ಸುಮ್ನೆ ನಿಂತಿದೀವಿ' ಎಂದು ತಾತ ಅಂದರೆ ಬೆವ್ ಆಂಟಿ ಹೊರಟುಹೋಗುತ್ತಾಳೆ. ಆಗ ಜೋಸಿಯೇ ಹೇಳಬೇಕು. ತಾತನ ಮುಂದೆಯೇ, ತಾತನ ಮೇಲೆಯೇ ಚಾಡಿ ಹೇಳಬೇಕು. ಹೇಳದಿದ್ದರೆ ಹದಿನೈದು ತಿರುವು. ಅವಳು ತಾತನ ಮುಖ ನೋಡಿದಳು. 'ನೀನೇ ಹೇಳು ತಾತ, ಪ್ಲೀಸ್ ನೀನೇ ಹೇಳು' ಎಂದು ಮನಸ್ಸಿನಲ್ಲೇ ಬೇಡಿಕೊಂಡಳು.

ತಾತ ಸ್ಟೀರಿಂಗಿನಿಂದ ಕೈ ತೆಗೆದ.

"ಕಾರಿಗೇನೂ ಆಗಿಲ್ಲ ಬೆವ್. ನಂಗೆ ಕಣ್ಣು ಕಾಣ್ತಿಲ್ಲ."

ಬೆವ್ ಆಂಟಿಯ ನಗು ಹೊರಟುಹೋಯಿತು. ಅವಳು ಗಾಡಿ ನಿಲ್ಲಿಸಿ ಇಳಿದು ಬಂದಳು. ಮುರಿದ ಕಂಬವನ್ನೂ ಜೋಸಿಯ ಮುಖವನ್ನೂ ನೋಡಿದಳು.

"ಯಾವಾಗಿಂದ?"

"ಹೋದ ಚಳಿಗಾಲದಿಂದ. ಅಕ್ಕಪಕ್ಕ ಕಾಣುತ್ತೆ. ನಡುವೆ, ನೋಡಬೇಕಾದ ಜಾಗದಲ್ಲೇ ಮಂಜು ಕವಿದ ಹಾಗಿರುತ್ತೆ. ದಿನೇ ದಿನೇ ಜಾಸ್ತಿ ಆಗ್ತಿದೆ. ಯಾರಿಗೂ ಹೇಳಿಲ್ಲ."

ಹೋದ ಚಳಿಗಾಲ! ಜೋಸಿ ತೊಡೆಯ ಮೇಲಿದ್ದ ನೋಟ್‌ಬುಕ್ ನೋಡಿದಳು. ಅದನ್ನು ಬರೆದದ್ದೂ ಅದೇ ಚಳಿಗಾಲದಲ್ಲಿ.

ಬೆವ್ ಆಂಟಿ ಬೈಯಲಿಲ್ಲ, ಅಯ್ಯೋ ಅನ್ನಲೂ ಇಲ್ಲ. "ಸರಿ, ಇಬ್ರೂ ಇಳೀರಿ. ನಿಮ್ಮನ್ನ ಮನೆಗೆ ಬಿಡ್ತೀನಿ. ಇದನ್ನ ಆಮೇಲೆ ಯಾರಾದ್ರೂ ಬಂದು ತಗೊಂಡು ಹೋಗ್ಲಿ," ಎಂದಳು ಅಷ್ಟೇ. ತಾತ ಮಿಡತೆಯ ಮಡಚಿದ್ದ ಬಟ್ಟೆಯ ಮುಚ್ಚಿಗೆಯನ್ನು ಎಳೆದು, ಗುಂಡಿಗಳನ್ನು ಬೆರಳಿನಲ್ಲೇ ಹುಡುಕಿ ಒಂದೊಂದಾಗಿ ಹಾಕಿದ. ಒಂದು ಗುಂಡಿ ಸಿಗಲಿಲ್ಲ. ಜೋಸಿ ಹೋಗಿ ಹಾಕಿಕೊಟ್ಟಳು. ಕೀಯನ್ನು ಅವನ ಅಂಗೈಗೆ ಇಟ್ಟಳು. ತಾತ ಅದನ್ನು ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದು, ಮತ್ತೆ ಅವಳ ಕೈಗೇ ಕೊಟ್ಟ.

ಪಿಕಪ್ಪಿನಲ್ಲಿ ಜೋಸಿ ನಡುವೆ ಕೂತಳು, ತಾತ ಕಿಟಕಿಯ ಪಕ್ಕ. ಗಾಡಿಯ ತುಂಬ ಸೇಬಿನ ವಾಸನೆ. ತಾತ ಕಣ್ಣು ಮುಚ್ಚಿಕೊಂಡು ಸೀಟಿಗೆ ಒರಗಿದ. ನಿದ್ದೆ ಬಂತೇನೋ ಎಂದುಕೊಂಡಳು.

"ಬಲ ನಾಲ್ಕು," ಎಂದ ತಾತ.

ಗಾಡಿ ಬಲಕ್ಕೆ ತಿರುಗಿತು.

"ಎಡ ಎರಡು. ಬೆವ್, ಇಲ್ಲಿ ನೀರು ಹರಿಯುತ್ತೆ, ಜಾರುತ್ತೆ, ಹುಷಾರು."

ಗಾಡಿ ಎಡಕ್ಕೆ ತಿರುಗಿತು. ರಸ್ತೆಯ ಮೇಲೆ ನೀರು ಹರಿಯುತ್ತಿತ್ತು.

ಜೋಸಿ ಗ್ಲೌಸ್ ಬಿಚ್ಚಿ, ನೋಟ್‌ಬುಕ್ ತೆಗೆದು, ಸಾಲಿನ ಮೇಲೆ ಬೆರಳಿಟ್ಟು ನೋಡುತ್ತಾ ಹೋದಳು. ಬಲ ಐದು. ಬಲ ಮೂರು. ಎಡ ಒಂದು. ತಾತ ಕಣ್ಣು ತೆರೆಯದೆ ಹೇಳಿದ್ದೆಲ್ಲ ಸರಿಯಾಗಿತ್ತು. ಒಂದೇ ಒಂದು ತಪ್ಪಿರಲಿಲ್ಲ.

"ತಾತ, ನಿಂಗೆ ಪೂರ್ತಿ ಬಾಯಿಪಾಠ!"

"ಐವತ್ತು ವರ್ಷ ಕಣೇ. ಬರದೇ ಇರುತ್ತಾ?"

"ಹಾಗಾದ್ರೆ ಆ ತಿರುವು? ಅದು ಬಲ ಅಂತ ಗೊತ್ತಿತ್ತಾ?"

"ಗೊತ್ತಿತ್ತು. ಬಲ ಮೂರು."

"ಮತ್ತೆ ಎಡಕ್ಕೆ ಯಾಕೆ ತಿರುಗಿಸಿದೆ?"

ತಾತ ಕಣ್ಣು ತೆರೆದು ಅವಳ ಕಡೆ ತಿರುಗಿದ. ಇದೆಂಥ ಪ್ರಶ್ನೆ ಅನ್ನುವ ಹಾಗಿತ್ತು ಅವನ ಮುಖ.

"ನೀನು ಎಡ ಅಂದೆಯಲ್ಲ ಪುಟ್ಟಿ."

ಬೆವ್ ಆಂಟಿ ರಸ್ತೆ ಬಿಟ್ಟು ಬೇರೆ ಎಲ್ಲೂ ನೋಡದೆ ಗೇರ್ ಬದಲಿಸಿದಳು.

ಮುಂದಿನ ತಿರುವು ಹತ್ತಿರ ಬಂತು. ಈ ಸಲ ತಾತ ಏನೂ ಹೇಳದೆ ಕಾಯುತ್ತಾ ಕೂತಿದ್ದ. ಜೋಸಿ ನೋಟ್‌ಬುಕ್ ಮುಚ್ಚಿದಳು. ಮುಂದಕ್ಕೆ ಬಾಗಿ, ಗಾಜಿನಾಚೆಯ ರಸ್ತೆಯನ್ನು ಒಂದು ಸಲ ನೋಡಿದಳು. ಇನ್ನೊಂದು ಸಲ ನೋಡಿದಳು.

"ಎಡ ಐದು, ತಾತ," ಎಂದಳು.