ದೀಪ ಹಚ್ಚುವ ಹೊತ್ತಿನ ಬೇಟೆ

"ಬೆಳಗ್ಗೆ ಹೊಡಿ, ಮಧ್ಯಾಹ್ನ ಹೊಡಿ. ದೀಪ ಹಚ್ಚೋ ಹೊತ್ತಲ್ಲಿ ಮಾತ್ರ ಆ ಜಾಗದಲ್ಲಿ ಬಂದೂಕು ಎತ್ತಬೇಡಪ್ಪ," ಅಂದರು ದಾಕ್ಷಾಯಣಿ ಆಂಟಿ.

ಟೆಕ್ಸಸ್‌ನ ರೌಂಡ್ ರಾಕ್‌ನ ಅವರ ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತಿದ್ದ ದರ್ಶನ್ ನಕ್ಕ. ಜಿಂಕೆ ಮೇಯಲು ಬರುವುದೇ ಮುಸ್ಸಂಜೆಗೆ ಎಂದು ಬಂದೂಕಿನ ಅಂಗಡಿಯವನೇ ಹೇಳಿದ್ದ. ಆಂಟಿ ನಗಲಿಲ್ಲ. ಅವನು ಬೇಟೆಗೆ ಹೊರಟಿದ್ದ, ಆಸ್ಟಿನ್ನಿನಾಚೆಯ ಆ ರ‍್ಯಾಂಚಿನಲ್ಲಿ ಒಂದು ಮುಸ್ಸಂಜೆ ಅವರ ಗಂಡನನ್ನು ಯಾರೋ ಜಿಂಕೆಯೆಂದು ಹೊಡೆದು ಕೊಂದು ಓಡಿಹೋಗಿದ್ದ. ಅವನು ಮತ್ತೆ ಬಂದೇ ಬರುತ್ತಾನೆಂದು ಆಂಟಿ ಮಾಟ ಮಾಡಿಸಿ ತಂದು ಅಲ್ಲಿನ ಓಕ್ ಮರದ ಬುಡದಲ್ಲಿ ಹೂತಿದ್ದರು.

"ತನ್ನವರೇ ಅವನ ಕಣ್ಣಿಗೆ ಜಿಂಕೆಯಾಗಿ ಕಾಣಲಿ ಅಂತ ಮಾಡಿಸಿದ್ದು. ಅವನು ಬರಲಿಲ್ಲ. ಮಾಟಕ್ಕೆ ಮುಖ ಗೊತ್ತಿಲ್ಲ. ಆ ಹೊತ್ತಲ್ಲಿ ಬಂದೂಕು ಎತ್ತಿದವರು ಯಾರು ಸಿಕ್ಕರೂ ಹಿಡಿಯುತ್ತೆ."

"ನಮ್ಮನೇಲಿ ದೀಪ ಹಚ್ಚೋದು ಆರೂವರೆಗೆ ಆಂಟಿ. ಅಷ್ಟರೊಳಗೆ ನಿಮ್ಮ ಮಾಟಕ್ಕೂ ಒಂದು ತೊಡೆ ಎತ್ತಿಡ್ತೀನಿ."

ಹೆಂಡತಿ ತೃಪ್ತಿ ಮೇಜಿನಡಿಯಲ್ಲಿ ಅವನ ಕಾಲು ತುಳಿದಳು.

ಭಾನುವಾರ ಅವಳೂ ಹಟಹಿಡಿದು ಜೊತೆಗೆ ಬಂದಳು. ಅವಳನ್ನು ಗೇಟಿನ ಬಳಿ ಕಾರಿನಲ್ಲಿ ಕೂರಿಸಿ, ಆರೂವರೆಯೊಳಗೆ ಬರುತ್ತೇನೆಂದು ಹೇಳಿ ಹೋದ. ನವೆಂಬರಿನ ಆ ಬೆಳಗಿನ ಜಾವವಷ್ಟೇ ಟೆಕ್ಸಸ್‌ನ ಗಡಿಯಾರಗಳು ಚಳಿಗಾಲದ ಲೆಕ್ಕಕ್ಕೆ ಒಂದು ಗಂಟೆ ಹಿಂದಕ್ಕೆ ಹೋಗಿದ್ದವು; ನಿನ್ನೆ ಆರೂವರೆಗೆ ಬಿದ್ದ ಕತ್ತಲು ಇವತ್ತು ಐದೂವರೆಗೇ. ಮೈಸೂರಿನಲ್ಲಿ ಬೆಳೆದವನಿಗೆ ದೀಪದ ಹೊತ್ತೆಂದರೆ ವರ್ಷವಿಡೀ ಆರೂವರೆಯೇ.

ಸೀಡರ್ ಪೊದೆಗಳ ಘಾಟು ಗಂಟಲಿಗೆ ಹತ್ತಿತು. ಹಕ್ಕಿಗಳು ಒಮ್ಮೆಗೇ ಸುಮ್ಮನಾದವು. ಬೆಳಕು ಬೇಗ ಬೇಗ ಇಳಿಯಿತು. ವಾಚು ನೋಡಿದ. ಇನ್ನೂ ಆರೂ ಆಗಿರಲಿಲ್ಲ. ನೆಲದೊಳಗಿಂದ ಸುಟ್ಟ ಕೂದಲಿನ, ಕೊಳೆತ ನಿಂಬೆಯ ನಾತ ಎದ್ದಿತು.

ಎಲೆ ಸರಿದ ಸದ್ದು. ಹೆಣ್ಣು ಜಿಂಕೆ. ನೇರ ಅವನತ್ತಲೇ. ಹೆದರಿಕೆಯೇ ಇಲ್ಲ. ಬಾಯಿ ತೆರೆದು ಏನೋ ಕೂಗಿತು. ಉಸಿರು ಬಿಗಿಹಿಡಿದ. ಕತ್ತಿಗೆ ಗುರಿಯಿಟ್ಟ. ಒತ್ತಿದ.

ಅದು ಬಹಳ ಹೊತ್ತು ಒದ್ದಾಡಿತು. ಕೊನೆಗೆ ಚಾಕು ಹಾಕಿ ಮುಗಿಸಿದ. ಹಿಂಗಾಲು ಹಿಡಿದು ಗೇಟಿನವರೆಗೂ ಎಳೆದು ತಂದ.

ಕಾರು ಖಾಲಿ. ಫೋನಿನಲ್ಲಿ ತೃಪ್ತಿಯ ಮೆಸೇಜು ಇತ್ತು: 'ಕತ್ತಲಾಗ್ತಿದೆ ಕಣೋ. ಇದೇ ದೀಪದ ಹೊತ್ತು. ನಿನ್ನ ಕರ್ಕೊಂಡು ಬರೋಕೆ ಹೊರಟೆ.'

ಓದಿದ. ತಿರುಗಿ ನೋಡಿದ. ಜಿಂಕೆ. ಕೂದಲು ತಡವಿದ. ಕಿವಿ ಮುಟ್ಟಿದ. ಜಿಂಕೆಯೇ. ಪೊಲೀಸರಿಗೆ ಫೋನ್ ಮಾಡಿ, ಅವಳ ಹೆಸರು ಕೂಗುತ್ತ ಪೊದೆಗಳಿಗೆ ನುಗ್ಗಿದ. ಪೊಲೀಸರು ಬಂದಾಗಲೂ ಕೂಗುತ್ತಲೇ ಇದ್ದ. ಅವರು ಗೇಟಿನ ಬಳಿ ಬಿದ್ದಿದ್ದನ್ನು ನೋಡಿ ಅವನಿಗೆ ಬೇಡಿ ತೊಡಿಸಿದರು.

ಸಂಸ್ಕಾರದ ದಿನ ಬೇಡಿಯಲ್ಲೇ ಕರೆತಂದರು. ಪೆಟ್ಟಿಗೆ ತೆರೆದಿತ್ತು. ಮದುವೆಯ ರೇಷ್ಮೆಸೀರೆ, ಹಣೆಗೆ ಕುಂಕುಮ, ಸುತ್ತ ಹೂವು. ನಡುವೆ ಜಿಂಕೆ.

"ಆಂಟಿ, ಒಂದೇ ಸಲ ಅವಳ ಮುಖ ನೋಡಬೇಕು."

ದಾಕ್ಷಾಯಣಿ ಆಂಟಿ ಸೆರಗು ಸರಿಮಾಡಿಕೊಂಡರು.

"ಕಾಣಲ್ಲಪ್ಪ. ಕೊನೇವರೆಗೂ ಕಾಣಬಾರದು ಅಂತಲೇ ಮಾಡಿಸಿದ್ದು."