ಲ್ಯಾಪ್‌ವಿಂಗ್‌ನ ಮೂರನೇ ದೆವ್ವ

ಉಸ್ಸ್ಸ್...

ಹಾವು ಅಂದುಕೊಂಡೆ. ಹಾವಾಗಿದ್ದರೆ ಪರವಾಗಿರಲಿಲ್ಲ.

ಅದು ಗ್ಯಾಸ್. ಬಿಯರನ್ನು ನೆಲಮಾಳಿಗೆಯಿಂದ ಮೇಲಿನ ಬಾರಿಗೆ ತಳ್ಳುವ ಗ್ಯಾಸ್. ಬಣ್ಣವಿಲ್ಲ, ವಾಸನೆಯಿಲ್ಲ. ಗಾಳಿಗಿಂತ ಭಾರ. ತೊಟ್ಟಿಗೆ ನೀರು ಬಿಟ್ಟ ಹಾಗೆ ಕೆಳಗಿನಿಂದ ತುಂಬುತ್ತಾ ಬರುತ್ತದೆ.

ನಾಲ್ಕು ಸಿಲಿಂಡರುಗಳೂ ತೆರೆದಿದ್ದವು. ಮುಚ್ಚುವ ಕೀಲಿ ಡೆನ್ಜಿಲ್‌ನ ಜೇಬಿನಲ್ಲಿತ್ತು. ಡೆನ್ಜಿಲ್ ಬಾಗಿಲ ಆಚೆಗಿದ್ದ. ಬಾಗಿಲಿಗೆ ಹೊರಗಿನಿಂದ ಅಗಳಿ ಬಿದ್ದಿತ್ತು.

ಲೈಟರ್ ಹಚ್ಚಿ ನಿಧಾನಕ್ಕೆ ಕೆಳಗಿಳಿಸಿದೆ. ಮೊಣಕಾಲಿನ ಮಟ್ಟಕ್ಕೆ ಬರುವಷ್ಟರಲ್ಲಿ ಆರಿತು.

ಹೆಚ್ಚೆಂದರೆ ಹತ್ತು ನಿಮಿಷ...

ನಾನು ಬೆರಿಲ್ ಸ್ಟ್ರೆಟನ್. ವಿಮೆ ಕಂಪನಿಗಳ ಪರವಾಗಿ ಇಪ್ಪತ್ತು ವರ್ಷ ಪಬ್ಬುಗಳ ತಪಾಸಣೆ ಮಾಡಿದವಳು, ಈಗ ಖಾಸಗಿ ಪತ್ತೇದಾರಿ. ಇಂಥ ಗ್ಯಾಸಿಗೆ ಇಬ್ಬರು ಕೆಲಸದವರು ಸತ್ತದ್ದನ್ನು ನೋಡಿದ್ದೇನೆ. ಇಬ್ಬರ ಮುಖದಲ್ಲೂ ಆಶ್ಚರ್ಯವಿತ್ತು. ನನಗೆ ಆಶ್ಚರ್ಯವಾಗಲಿಲ್ಲ, ಸಿಟ್ಟು ಬಂತು. ನನ್ನ ಮೇಲೇ. ಬಾಯಿ ಮುಚ್ಚಿಕೊಂಡಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ.

ಶುರುವಾದದ್ದು ಮಂಗಳವಾರ. ಜಾಯ್ಸ್ ಪ್ಯಾಶ್ಲಿ ನನ್ನ ಆಫೀಸಿಗೆ ಬಂದಳು. ಅರವತ್ತರ ಹೆಂಗಸು, ಶಾಲೆಯೊಂದರ ಅಡುಗೆಮನೆಯಲ್ಲಿ ಕೆಲಸ. ಕೋಟು ಬಿಚ್ಚದೆ ಕೂತಳು.

"ನನ್ನ ತಂಗಿ ಗ್ಲೆನಿಸ್. ಎಡ್ಜ್‌ಲೋ ಊರಿನ ಲ್ಯಾಪ್‌ವಿಂಗ್ ಇನ್‌ನಲ್ಲಿ ಕೆಲಸಕ್ಕಿದ್ಲು. ಎಪ್ಪತ್ತಾರನೇ ಇಸವಿ ಆಗಸ್ಟಲ್ಲಿ ಕಾಣೆಯಾದ್ಲು."

"ಪೊಲೀಸರು ಏನಂದ್ರು?"

"ಯಾವನೋ ಲಾರಿ ಡ್ರೈವರ್ ಜೊತೆ ಲಂಡನ್ನಿಗೆ ಓಡಿಹೋದ್ಲು ಅಂದ್ರು."

"ಅವರಿಗೆ ಹಾಗಂತ ಹೇಳಿದ್ದು ಯಾರು?"

"ಇನ್‌ನ ಮಾಲೀಕ. ಡೆನ್ಜಿಲ್ ಮೇಪಲ್‌ಬೆಕ್."

ಇಪ್ಪತ್ತೆಂಟು ವರ್ಷದ ಹಿಂದಿನ ಮಾತು. ಈಗ ಯಾಕೆ ಬಂದೆ ಎಂದು ಕೇಳಿದೆ. ಇನ್ ಮಾರಾಟವಾಗಿದೆ, ಸೋಮವಾರ ಬೆಳಿಗ್ಗೆ ನೆಲಮಾಳಿಗೆಗೆ ಸೂರಿನತನಕ ಕಾಂಕ್ರೀಟ್ ತುಂಬುತ್ತಾರೆ ಎಂದಳು. ಆ ಷರತ್ತು ಹಾಕಿದವನು ಕೊಂಡವನಲ್ಲ... ಮಾರಿದವನು.

ಮನೆ ಮಾರಿ ಹೋಗುವವನಿಗೆ ನೆಲಮಾಳಿಗೆಯ ಉಸಾಬರಿ ಯಾಕೆ?

ನನ್ನ ಮೂಗು ಅರಳಿತು.

ಲ್ಯಾಪ್‌ವಿಂಗ್ ಇನ್ ನಾನೂರು ವರ್ಷ ಹಳೆಯ ಪಬ್ಬು, ತಂಗಲು ರೂಮುಗಳೂ ಇವೆ. ಅದರ ದೆವ್ವಗಳನ್ನು ನೋಡಲೆಂದೇ ಜನ ರೂಮು ಹಿಡಿಯುತ್ತಾರೆ. ಬಾರಿನ ಗೋಡೆಯ ಮೇಲೆ ಮೂರು ದೆವ್ವಗಳ ಚಿತ್ರ. ತಲೆಯಿಲ್ಲದ ಸಾರೋಟಿನವನು ಅಂಗಳದಲ್ಲಿ ಓಡಾಡುತ್ತಾನೆ. ನಗಾರಿ ಹುಡುಗ ಅಟ್ಟದಲ್ಲಿ ಬಾರಿಸುತ್ತಾನೆ. ನೆಲಮಾಳಿಗೆಯಲ್ಲಿ ಸೈನಿಕರು ಕೊಂದ ಕೆಲಸದ ಹುಡುಗಿ ನಡೆಯುತ್ತಾಳೆ. ಅವಳು ಕಾಣುವುದು ಮೊಣಕಾಲಿನಿಂದ ಮೇಲಕ್ಕೆ ಮಾತ್ರ. ದೆವ್ವಕ್ಕೆ ಹೊಸ ನೆಲ ಗೊತ್ತಿಲ್ಲ, ಸತ್ತ ದಿನದ ನೆಲದ ಮೇಲೆಯೇ ನಡೆಯುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ.

ಊರಿನ ಚರ್ಚಿನಲ್ಲಿ ಪಾದ್ರಿಯೊಬ್ಬ ೧೯೧೧ರಲ್ಲಿ ಬರೆದ ಪುಟ್ಟ ಪುಸ್ತಕ ಸಿಕ್ಕಿತು. ಸಾರೋಟಿನವನಿದ್ದ. ನಗಾರಿ ಹುಡುಗನಿದ್ದ.

ಹುಡುಗಿ ಇರಲಿಲ್ಲ.

ಶುಕ್ರವಾರ ಮಧ್ಯಾಹ್ನ ದೆವ್ವದ ಹುಚ್ಚಿನ ಹೆಂಗಸಿನ ವೇಷದಲ್ಲಿ ಇನ್‌ಗೆ ಹೋದೆ. ಬಾಗಿಲ ಪಕ್ಕದ ಬೆಂಚಿನ ಮೇಲೆ ಮುದುಕನೊಬ್ಬ ಪೈಪ್ ಸೇದುತ್ತಿದ್ದ. ವಿಲ್ಫ್ ಟೂತಿಲ್. ಒಂದು ಕಾಲಕ್ಕೆ ಪಬ್ಬುಗಳಿಗೆ ಬಿಯರ್ ಪೀಪಾಯಿ ಇಳಿಸುತ್ತಿದ್ದವನು.

"ಇಲ್ಲಿಗೂ ಇಳಿಸಿದ್ದೀರಾ?"

"ಇಪ್ಪತ್ತು ವರ್ಷ ಕಣಮ್ಮ. ಹದಿಮೂರು ಮೆಟ್ಲು. ನನ್ನ ಮಂಡಿ ಕೇಳು, ಅದೇ ಹೇಳುತ್ತೆ. ಈಗ ಹನ್ನೊಂದೇ ಇರೋದು."

"ಎರಡು ಎಲ್ಲಿ ಹೋದವು?"

"ಡೆನ್ಜಿಲ್ ಕಾಂಕ್ರೀಟ್ ಹಾಕಿ ನೆಲ ಎತ್ತರಿಸ್ದ. ಆ ಬಿಸಿಲಿನ ವರ್ಷ, ಎಪ್ಪತ್ತಾರರಲ್ಲಿ."

"ಹುಡುಗಿ ದೆವ್ವ ಯಾವಾಗಿಂದ?"

ಅವನು ಪೈಪನ್ನು ಬೆಂಚಿಗೆ ಕುಟ್ಟಿದ. ಕುಟ್ಟುತ್ತಲೇ ಇದ್ದ.

"ಅದೆಲ್ಲ ನಂಗೊತ್ತಿಲ್ಲ."

ಮೆಟ್ಟಿಲ ಲೆಕ್ಕ ಕರಾರುವಾಕ್ಕಾಗಿ ಹೇಳಿದವನಿಗೆ ಇದು ಗೊತ್ತಿಲ್ಲ! ಅವನನ್ನೂ ಅನುಮಾನದ ಪಟ್ಟಿಗೆ ಸೇರಿಸಿಕೊಂಡೆ.

ಡೆನ್ಜಿಲ್ ತಾನೇ ನನ್ನನ್ನು ಕೆಳಗೆ ಕರೆದೊಯ್ದ. ಅರವತ್ತೆಂಟರ ಗಟ್ಟಿ ಆಳು, ಒಳ್ಳೆ ಮಾತುಗಾರ. ಕಥೆ ಹೇಳುವಾಗ ಅವನ ಕಣ್ಣು ನನ್ನ ಮೇಲಿರಲಿಲ್ಲ. ಎಡಮೂಲೆಯ ನೆಲದ ಮೇಲಿತ್ತು.

"ಈ ಕಾಂಕ್ರೀಟ್ ಯಾಕೆ ಹಾಕ್ಸಿದ್ರಿ?" ಎಂದೆ.

"ನೀರು ಮೇಡಂ. ಒಸರಿ ಒಸರಿ ಪೀಪಾಯಿ ತೇಲೋವು. ಎಪ್ಪತ್ತಾರರ ಆಗಸ್ಟಲ್ಲಿ ತಡೀಲಾರದೆ ಹಾಕ್ಸಿಬಿಟ್ಟೆ."

ಇಲ್ಲಿ ನನ್ನ ನಾಲಿಗೆ ಜಾರಿತು.

"ಆ ಆಗಸ್ಟಲ್ಲಿ ನೀರಾ? ಇಡೀ ದೇಶ ಬೀದಿ ನಲ್ಲಿ ಮುಂದೆ ಬಕೆಟ್ ಹಿಡ್ಕೊಂಡು ನಿಂತಿತ್ತಲ್ರೀ!"

ಆ ಬೇಸಿಗೆ ಕಂಡವರು ಯಾರೂ ಅದನ್ನು ಮರೆತಿಲ್ಲ. ಹಲ್ಲುಜ್ಜಲು ಅರ್ಧ ಲೋಟ. ತೋಟಕ್ಕೆ ನೀರು ಬಿಟ್ಟರೆ ನೆರೆಯವರೇ ಪೊಲೀಸರಿಗೆ ಹೇಳುತ್ತಿದ್ದರು. ಬಾವಿಗಳೇ ಬತ್ತಿದ್ದಾಗ ಇವನ ನೆಲಮಾಳಿಗೆಯಲ್ಲಿ ಮಾತ್ರ ಪೀಪಾಯಿ ತೇಲಿದವಂತೆ.

ಡೆನ್ಜಿಲ್ ನಕ್ಕ. ಆ ನಗು ನನಗೆ ಹಿಡಿಸಲಿಲ್ಲ.

"ವಯಸ್ಸಾಯ್ತು ನೋಡಿ, ವರ್ಷ ತಪ್ಪಿರ್ಬೇಕು. ಈ ಸಿಲಿಂಡರ್ ಸ್ವಲ್ಪ ನೋಡಿ ಬರ್ತೀನಿ. ದೀಪ ಆರಿಸ್ತೀನಿ, ಎರಡು ನಿಮಿಷ ಸುಮ್ನೆ ನಿಂತಿರಿ. ಕತ್ತಲಲ್ಲೇ ಅವ್ಳು ಬರೋದು."

ದೀಪ ಆರಿತು. ಸಿಲಿಂಡರುಗಳ ಹತ್ತಿರ ಕೀಲಿ ನಾಲ್ಕು ಸಲ ತಿರುಗಿತು. ಹೆಜ್ಜೆಗಳು ಮೇಲೇರಿದವು. ಅಗಳಿ ಬಿತ್ತು.

ಉಸ್ಸ್ಸ್...

ಪಬ್ಬಿನ ನೆಲಮಾಳಿಗೆಗೆ ಎರಡು ದಾರಿ. ಒಂದು ಮೆಟ್ಟಿಲು. ಇನ್ನೊಂದು ಬೀದಿಯಿಂದ ಪೀಪಾಯಿ ಉರುಳಿಸುವ ಬಾಗಿಲು, ತಲೆಯ ಮೇಲೆ. ಪೀಪಾಯಿಯ ಮೇಲೆ ಪೀಪಾಯಿ ಏರಿಸಿ ಹತ್ತಿದೆ. ಒಳಗಿನ ಚಿಲಕ ಎಳೆದೆ. ಭುಜ ಕೊಟ್ಟು ನೂಕಿದೆ.

ಬೆರಳಗಲ ಎದ್ದು ನಿಂತಿತು. ಸಂದಿಯಲ್ಲಿ ಕಾರಿನ ಹೊಟ್ಟೆ ಕಂಡಿತು.

ತನ್ನ ಕಾರನ್ನು ಬಾಗಿಲ ಮೇಲೆಯೇ ತಂದು ನಿಲ್ಲಿಸಿದ್ದ, ಬಡ್ಡಿಮಗ.

ಹಲಗೆಗೆ ಗುದ್ದಿದೆ. ತಲೆ ಸಿಡಿಯುತ್ತಿತ್ತು, ಉಸಿರು ಸಾಲುತ್ತಿರಲಿಲ್ಲ. ಮತ್ತೆ ಗುದ್ದಿದೆ. ಬೆಂಚಿನ ಕಡೆಯಿಂದ ಕಾಲೆಳೆಯುವ ಸದ್ದು ಬಂದು ಹತ್ತಿರವೇ ನಿಂತಿತು. ವಿಲ್ಫ್. ಅವನೂ ಇದರಲ್ಲಿ ಪಾಲುದಾರನಾಗಿದ್ದರೆ ನನ್ನ ಕಥೆ ಅಲ್ಲಿಗೆ ಮುಗಿಯಿತು.

ಅವನ ದನಿ ನಡುಗುತ್ತಿತ್ತು.

"ಗ್ಲೆನಿಸ್... ನೀನಾ?"

ಹಲಗೆಗೆ ಇನ್ನೊಮ್ಮೆ ಗುದ್ದಿದೆ.

"ಅಲ್ಲ ಮಾರಾಯ, ಬೆರಿಲ್! ಗ್ಯಾಸ್ ಬಿಟ್ಟಿದ್ದಾನೆ. ಕಾರು ತೆಗಿ!"

ಗಾಜು ಒಡೆದ ಸದ್ದು. ಮುದುಕ ಊರುಗೋಲಿನಿಂದ ಕಿಟಕಿ ಪುಡಿ ಮಾಡಿ ಹ್ಯಾಂಡ್‌ಬ್ರೇಕ್ ಇಳಿಸಿದ್ದ. ನಮ್ಮ ಬೆಟ್ಟದೂರುಗಳಲ್ಲಿ ಸಮತಟ್ಟಾದ ಬೀದಿ ಇಲ್ಲದ್ದು ಒಳ್ಳೆಯದೇ ಆಯಿತು. ಕಾರು ಇಳಿಜಾರಿನಲ್ಲಿ ಉರುಳಿ ಚರ್ಚಿನ ಗೋಡೆಗೆ ಗುದ್ದಿತು. ನಾನು ಬಿಸಿಲಿಗೆ ತೆವಳಿ ಬಂದು ಬೀದಿಯಲ್ಲೇ ವಾಂತಿ ಮಾಡಿಕೊಂಡೆ.

ತಲೆಯೆತ್ತಿದಾಗ ಇನ್‌ನ ಬಾಗಿಲಲ್ಲಿ ಡೆನ್ಜಿಲ್ ನಿಂತಿದ್ದ. ಕೈಯಲ್ಲಿ ಜೋಡುನಳಿಗೆ ಕೋವಿ.

"ವಿಲ್ಫ್, ಒಳಗೆ ಹೋಗು. ನಿನ್ನ ಗ್ಲಾಸ್ ತುಂಬಿಸಿಟ್ಟಿದೀನಿ."

ವಿಲ್ಫ್ ನನಗೂ ಕೋವಿಗೂ ನಡುವೆ ಬಂದು ನಿಂತ.

"ಇಪ್ಪತ್ತೆಂಟು ವರ್ಷ ತುಂಬಿಸಿದ್ದು ಸಾಕು ಡೆನ್ಜಿಲ್."

ಕಾರು ಗುದ್ದಿದ ಸದ್ದಿಗೆ ಬಾಗಿಲುಗಳು ತೆರೆದಿದ್ದವು. ಅಂಚೆಯವಳು, ಕಸಾಯಿ ಅಂಗಡಿಯವನು, ಕೈಕೂಸು ಎತ್ತಿಕೊಂಡ ಹೆಂಗಸು... ಯಾರೂ ಒಳಗೆ ಹೋಗಲಿಲ್ಲ. ಡೆನ್ಜಿಲ್ ಒಬ್ಬೊಬ್ಬರ ಮುಖವನ್ನೂ ನೋಡಿದ. ಕೊನೆಗೆ ಕೋವಿಯನ್ನು ಗೋಡೆಗೆ ಒರಗಿಸಿ ಹೊಸ್ತಿಲ ಮೇಲೆ ಕೂತುಬಿಟ್ಟ.

"ಗ್ಲೆನಿಸ್ ನನ್ನ ಬಿಟ್ಟು ಹೋಗ್ತೀನಿ ಅಂದ್ಲು. ತಳ್ಳಿದೆ, ಅಷ್ಟೇ. ಮೆಟ್ಲಿಂದ ಬಿದ್ಲು."

"ಬಿದ್ದವಳಿಗೆ ಡಾಕ್ಟರನ್ನ ಕರೆಸ್ತಾರೆ, ಕಾಂಕ್ರೀಟ್ ಅಲ್ಲ," ಎಂದೆ. "ಆ ದೆವ್ವದ ಕಥೆ ಯಾಕೆ ಕಟ್ಟಿದೆ? ಸುಮ್ನಿದ್ದಿದ್ರೆ ಯಾರೂ ಕೆದಕ್ತಿರಲಿಲ್ಲ."

"ಸುಮ್ನಿರೋಕಾಗ್ಲಿಲ್ಲ," ಎಂದ. "ಮೊದಲನೇ ಸಲ ಯಾರಿಗೋ ಹೇಳಿದ ದಿನ ನಿದ್ದೆ ಬಂತು. ಆಮೇಲೆ ಹೇಳ್ತಾನೇ ಹೋದೆ."

ಪೊಲೀಸರು ಬರುವತನಕ ನಾನು ವಿಲ್ಫ್ ಪಕ್ಕದಲ್ಲಿ ಬೆಂಚಿನ ಮೇಲೆ ಕೂತೆ.

"ನಿಮಗೆ ಗೊತ್ತಿತ್ತು."

"ಗೊತ್ತಿರಲಿಲ್ಲ ಕಣಮ್ಮ. ಅನುಮಾನ ಇತ್ತು. ಊರಿಗೆಲ್ಲ ಇತ್ತು."

"ಮತ್ತೆ ಯಾಕೆ ಯಾರೂ ಬಾಯಿ ಬಿಡಲಿಲ್ಲ?"

ಅವನು ತಲೆ ತಗ್ಗಿಸಿದ.

"ಊರಿಗಿದ್ದದ್ದು ಇದೊಂದೇ ಪಬ್ಬು."

ಮುದುಕನಿಗೆ ಒಂದು ಬಾರಿಸಬೇಕು ಅನ್ನಿಸಿತು. ನನ್ನ ಜೀವ ಉಳಿಸಿದ್ದವನು ಅವನೇ ಆದ್ದರಿಂದ ಕೈಕಟ್ಟಿ ಕೂತೆ.

ಭಾನುವಾರ ಎಡಮೂಲೆ ಅಗೆದರು. ಗ್ಲೆನಿಸ್ ಅಲ್ಲಿದ್ದಳು. ಸೋಮವಾರದ ಕಾಂಕ್ರೀಟ್ ಲಾರಿಯನ್ನು ಪೊಲೀಸರು ಊರ ಬಾಗಿಲಿನಿಂದಲೇ ವಾಪಸ್ಸು ಕಳಿಸಿದರು.

ಮೂರು ವಾರ ಕಳೆದು ಅಂತ್ಯಕ್ರಿಯೆ. ಮುಗಿದ ಮೇಲೆ ಚರ್ಚಿನ ಹಜಾರದಲ್ಲಿ ಚಹಾ, ಹ್ಯಾಮ್ ಸ್ಯಾಂಡ್‌ವಿಚ್. ಊರಿಗೆ ಊರೇ ಬಂದು ತಿಂದಿತು. ಜಾಯ್ಸ್ ಮಾತ್ರ ಏನೂ ಮುಟ್ಟದೆ ನನ್ನ ಪಕ್ಕ ಬಂದು ಕೂತಳು.

"ಅವ್ಳ ಮೇಲೆ ಸಿಟ್ಟಿತ್ತು ಬೆರಿಲ್. ಒಂದು ಕಾಗದ ಹಾಕ್ಲಿಲ್ಲ, ಅಮ್ಮ ಸತ್ತಾಗ್ಲೂ ಬರ್ಲಿಲ್ಲ ಅಂತ. ಇಪ್ಪತ್ತೆಂಟು ವರ್ಷ ಶಪಿಸಿದೀನಿ. ಈಗ ಯಾರ ಹತ್ರ ಹೋಗಿ ತಪ್ಪಾಯ್ತು ಅನ್ಲಿ?"

ನನ್ನ ತಟ್ಟೆಯನ್ನು ಪಕ್ಕಕ್ಕಿಟ್ಟೆ. ಸಂಜೆ ಅವಳ ಜೊತೆ ಲ್ಯಾಪ್‌ವಿಂಗ್‌ಗೆ ಹೋದೆ. ಬಾಗಿಲ ಹತ್ತಿರವಿದ್ದ ಪೊಲೀಸ್ ಪೇದೆ ನಮ್ಮ ಮುಖ ನೋಡಿ ಸುಮ್ಮನೆ ದಾರಿ ಬಿಟ್ಟ. ಜಾಯ್ಸ್ ನೆಲಮಾಳಿಗೆಗಿಳಿದು, ಅಗೆದ ಮೂಲೆಯ ಮುಂದೆ ತಂಗಿಗಾಗಿ ಕಾಯುತ್ತಾ ಒಂದು ಗಂಟೆ ನಿಂತಳು. ನಾನೂ ನಿಂತೆ.

ಯಾರೂ ಬರಲಿಲ್ಲ. ನಾನೂರು ವರ್ಷದ ಹಳೇ ಇನ್, ರೂಮಿಗೊಂದು ಕಥೆ... ಬೇಕಾದ ಹೊತ್ತಿಗೆ ಒಂದು ದೆವ್ವಕ್ಕೂ ಗತಿಯಿಲ್ಲ.